ಶಿಲಾಚಕ್ರ ಕಲಿಸುವ ಪೆಟ್ಟಿಗೆ: ಬಾದಾಮಿ ಸೀಮೆಯ ತರಗತಿಯಲ್ಲಿ ಬಳಸಿ ಬರೆದ ವಿಮರ್ಶೆ

ಎಂಟನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಶಿಲಾಗೋಳದ ಪಾಠ ಬಂದಾಗ ಬಹುತೇಕ ಶಾಲೆಗಳಲ್ಲಿ ಹಲಗೆಯ ಮೇಲೆ ಒಂದು ವೃತ್ತ ಮೂಡುತ್ತದೆ: ಒಂದು ಬಗೆಯ ಕಲ್ಲು ಇನ್ನೊಂದಾಗಿ ಬದಲಾಗುವುದನ್ನು ತೋರಿಸುವ ಶಿಲಾಚಕ್ರ. ಅದರ ಸುತ್ತ ಅಗ್ನಿಶಿಲೆ (ಕರಗಿ ಆರಿದ ಕಲ್ಲು), ಕಣಶಿಲೆ (ಕಣಗಳು ಕೂಡಿ ಆದ ಕಲ್ಲು), ರೂಪಾಂತರ ಶಿಲೆ (ಶಾಖ, ಒತ್ತಡದಿಂದ ಬದಲಾದ ಕಲ್ಲು) ಎಂಬ ಮೂರು ಹೆಸರು, ನಡುವೆ ಮೂರು ಬಾಣ, ಪ್ರತಿ ಹೆಸರಿಗೆ ಎರಡೆರಡು ಉದಾಹರಣೆ, ಅಲ್ಲಿಗೆ ಪಾಠ ಮುಗಿಯುತ್ತದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆಯುತ್ತಾರೆ. ಆದರೆ ಶಾಲೆಯ ಮೆಟ್ಟಿಲಿಗೆ ಹಾಸಿದ ಕಲ್ಲು ಈ ಮೂರರಲ್ಲಿ ಯಾವುದು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಕೈಯಿಂದ ಮಾಡಿ ಕಲಿಯುವ ಚಟುವಟಿಕೆಗಳ ಮೂಲಕ ಈ ಕೊರತೆಯನ್ನು ತುಂಬುವುದಾಗಿ ಹೇಳಿಕೊಳ್ಳುವ ಪೆಟ್ಟಿಗೆಯೊಂದನ್ನು ಬಾದಾಮಿ ತಾಲ್ಲೂಕಿನ ನಮ್ಮ ಸರಕಾರಿ ಪ್ರೌಢಶಾಲೆಗೆ ತರಿಸಿ, ಎಂಟನೇ ಮತ್ತು ಒಂಬತ್ತನೇ ತರಗತಿಗಳಲ್ಲಿ ಬಳಸಿದ್ದೇನೆ. ಕೊಳ್ಳಬೇಕೋ ಬೇಡವೋ ಎಂದು ನೆರೆಯ ಶಾಲೆಗಳ ಶಿಕ್ಷಕರು ಕೇಳುತ್ತಿರುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಯಲ್ಲಿರುವ ದಾಳದ ಆಟ ಬಹಳ ಒಳ್ಳೆಯದು, ಅದೊಂದಕ್ಕಾಗಿಯೇ ಹಣ ಕೊಡಬಹುದು. ಮೇಣದ ಬಳಪದ ಚಟುವಟಿಕೆ ಮುಕ್ಕಾಲು ಭಾಗ ಸರಿಯಾಗಿದೆ, ಉಳಿದ ಕಾಲು ಭಾಗವನ್ನು ಶಿಕ್ಷಕರು ತಿದ್ದಿಕೊಳ್ಳದಿದ್ದರೆ ಅದು ಮಕ್ಕಳ ತಲೆಯಲ್ಲಿ ತಪ್ಪು ಕಲ್ಪನೆಯನ್ನು ಬಿತ್ತುತ್ತದೆ. ಕಲ್ಲಿನ ಮಾದರಿಗಳು ಈ ಪೆಟ್ಟಿಗೆಯ ಅತ್ಯಂತ ದುರ್ಬಲ ಭಾಗ, ಮತ್ತು ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಮೂರು ಜಿಲ್ಲೆಗಳ ಶಾಲೆಗಳಿಗೆ ಅವುಗಳ ಅಗತ್ಯವೇ ಇಲ್ಲ.

ಇಂತಹ ಪೆಟ್ಟಿಗೆಗಳನ್ನು ಹಲವು ಕಂಪನಿಗಳು ಮಾರುತ್ತವೆ, ಒಳಗಿರುವ ಸಾಮಾನು ಹೆಚ್ಚು ಕಡಿಮೆ ಒಂದೇ ಬಗೆಯದು. ನಾವು ತರಿಸಿದ್ದರಲ್ಲಿ ಖಾನೆಗಳಿರುವ ಡಬ್ಬಿಯಲ್ಲಿ ಹನ್ನೆರಡು ಕಲ್ಲಿನ ತುಂಡುಗಳು, ನಾಲ್ಕು ಬಣ್ಣದ ಮೇಣದ ಬಳಪಗಳ ಕಟ್ಟು, ಅವುಗಳನ್ನು ಹೆರೆಯಲು ಮೆಂಡರುಗಳು, ಅಲ್ಯೂಮಿನಿಯಂ ಫಾಯಿಲ್ ಸುರುಳಿ, ಕೈಮಸೂರಗಳು, ದುರ್ಬಲ ಆಮ್ಲದ ಚಿಕ್ಕ ಬಾಟಲಿ, ದಾಳದ ಆಟದ ಏಳು ನಿಲ್ದಾಣಗಳ ಫಲಕಗಳು, ಪ್ರತಿ ನಿಲ್ದಾಣಕ್ಕೆ ಒಂದೊಂದು ದಾಳ, ಮತ್ತು ಕೈಪಿಡಿ ಇದ್ದವು. ಬೆಲೆ ಸಾಗಾಣಿಕೆ ಸೇರಿ ಮೂರು ಸಾವಿರ ರೂಪಾಯಿಯ ಆಸುಪಾಸು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಪ್ಪಿಗೆ ಪಡೆದು ಕೊಂಡ ವಸ್ತುವಾದ್ದರಿಂದ ಅದರ ಪ್ರತಿ ರೂಪಾಯಿಗೂ ಲೆಕ್ಕ ಕೇಳುವ ಹಕ್ಕು ಊರಿನವರಿಗೆ ಇದೆ ಎಂಬ ಎಚ್ಚರದಿಂದಲೇ ಈ ಪೆಟ್ಟಿಗೆಯನ್ನು ಪರೀಕ್ಷಿಸಿದ್ದೇನೆ.

ಮೇಣದ ಬಳಪದ ಚಟುವಟಿಕೆಯಿಂದ ಪ್ರಾರಂಭಿಸುತ್ತೇನೆ, ಏಕೆಂದರೆ ಹೆಚ್ಚಿನ ಶಿಕ್ಷಕರು ಪೆಟ್ಟಿಗೆ ತೆರೆದ ಕೂಡಲೇ ಮಾಡುವುದು ಅದನ್ನೇ. ಮಕ್ಕಳು ಬಳಪಗಳನ್ನು ಬಣ್ಣಬಣ್ಣವಾಗಿ ಹೆರೆದು ಸಣ್ಣ ಚೂರುಗಳ ಗುಡ್ಡೆ ಮಾಡುತ್ತಾರೆ. ಬಿಸಿಲು, ಮಳೆ, ಗಾಳಿ ಬಂಡೆಯನ್ನು ಸವೆಸಿ ಕಣಗಳನ್ನಾಗಿ ಮಾಡುವುದಕ್ಕೆ ಇದು ಮಾದರಿ. ಆ ಚೂರುಗಳನ್ನು ಒಂದು ಬಣ್ಣದ ಮೇಲೆ ಇನ್ನೊಂದರಂತೆ ಫಾಯಿಲಿನಲ್ಲಿ ಹರಡಿ, ಮಡಚಿ, ಎರಡು ಹಲಗೆಗಳ ನಡುವೆ ಇಟ್ಟು ಒಬ್ಬ ಹುಡುಗ ಮೇಲೆ ನಿಂತರೆ ಒಳಗೆ ಬಿಲ್ಲೆಯೊಂದು ಸಿದ್ಧವಾಗುತ್ತದೆ. ಅದನ್ನು ಮುರಿದು ಅಂಚನ್ನು ಮಸೂರದಲ್ಲಿ ನೋಡಿದರೆ ಪದರಗಳು ಒಂದರ ಮೇಲೊಂದು ಸ್ಪಷ್ಟವಾಗಿ ಕಾಣುತ್ತವೆ, ಚೂರುಗಳ ನಡುವಿನ ಸಂದುಗಳೂ ಕಾಣುತ್ತವೆ, ಬೆರಳಿನಿಂದ ತಿಕ್ಕಿದರೆ ಅಂಚಿನಿಂದ ಚೂರುಗಳು ಉದುರುತ್ತವೆ. ಬಾದಾಮಿಯ ಕೆಂಪು ಮರಳುಶಿಲೆಯ ತುಂಡೊಂದನ್ನು ಪಕ್ಕದಲ್ಲಿಟ್ಟು ಅದನ್ನೂ ತಿಕ್ಕಿ ನೋಡಲು ಹೇಳಿದಾಗ, ಬೆರಳಿಗೆ ಹತ್ತಿದ ಮರಳಿನ ಕಣಗಳನ್ನು ಕಂಡು ಮಕ್ಕಳು ಮಾತಿಲ್ಲದೆ ವಿಷಯವನ್ನು ಗ್ರಹಿಸಿದರು. ಒಂದು ಹನಿ ನೀರನ್ನು ಆ ಕಲ್ಲಿನ ಮೇಲೆ ಬಿಟ್ಟರೆ ಅದು ಇಂಗುತ್ತದೆ, ನಯ ಮಾಡಿದ ಗ್ರಾನೈಟಿನ ಮೇಲೆ ಬಿಟ್ಟರೆ ಹಾಗೆಯೇ ನಿಲ್ಲುತ್ತದೆ. ಕಣಗಳ ನಡುವೆ ಸಂದು ಇದೆ ಎನ್ನುವುದಕ್ಕೆ ಇದಕ್ಕಿಂತ ಸುಲಭವಾದ ಸಾಕ್ಷಿ ಬೇಕಿಲ್ಲ.

ಒಂದು ಕೊರತೆಯನ್ನು ಇಲ್ಲಿಯೇ ಹೇಳಬೇಕು. ನಿಜವಾದ ಮರಳುಶಿಲೆ ಕೇವಲ ಒತ್ತಡದಿಂದ ಗಟ್ಟಿಯಾಗುವುದಿಲ್ಲ. ಕಣಗಳ ನಡುವೆ ಹರಿದಾಡುವ ನೀರಿನಲ್ಲಿ ಕರಗಿದ್ದ ಸಿಲಿಕಾ, ಸುಣ್ಣ ಅಥವಾ ಕಬ್ಬಿಣದ ಆಕ್ಸೈಡು ಅಲ್ಲಿ ಉಳಿದು ಅಂಟಿನ ಕೆಲಸ ಮಾಡುತ್ತದೆ. ಬಾದಾಮಿಯ ಕಲ್ಲಿಗೆ ಕೆಂಪು ಬಂದಿರುವುದು ಆ ಕಬ್ಬಿಣದಿಂದಲೇ. ಕೈಪಿಡಿ ಈ ಅಂಟಿನ ವಿಷಯವನ್ನು ಒಂದು ವಾಕ್ಯದಲ್ಲಿ ಮುಗಿಸುತ್ತದೆ. ನಾವು ಮರಳಿಗೆ ಸ್ವಲ್ಪ ಫೆವಿಕಾಲ್ ಬೆರೆಸಿದ ನೀರು ಹಾಕಿ ಕಾಗದದ ಲೋಟದಲ್ಲಿ ಒಣಗಲು ಬಿಟ್ಟೆವು, ಎರಡು ದಿನದ ಮೇಲೆ ಲೋಟ ಹರಿದಾಗ ಕೈಗೆ ಕಲ್ಲು ಬಂದಿತು.

ಇನ್ನು ತಿದ್ದಲೇಬೇಕಾದ ಕಾಲು ಭಾಗ. ಕೈಪಿಡಿಯ ಪ್ರಕಾರ ಅದೇ ಬಿಲ್ಲೆಯನ್ನು ಫಾಯಿಲ್ ಸಮೇತ ಬಿಸಿನೀರಿನಲ್ಲಿ ಕೆಲ ಕ್ಷಣ ಅದ್ದಿ ಮತ್ತೆ ಒತ್ತಿದರೆ ರೂಪಾಂತರ ಶಿಲೆ, ಪೂರ್ತಿ ಕರಗಿಸಿ ಆರಿಸಿದರೆ ಅಗ್ನಿಶಿಲೆ. ಮೇಣದ ಬಳಪ ಸುಮಾರು 55ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬಿಸಿಯೂಟದ ಅಡುಗೆ ಕೋಣೆಯಿಂದ ತಂದ ನೀರು ಅದಕ್ಕಿಂತ ಬಹಳ ಬಿಸಿಯಾಗಿರುವುದರಿಂದ ಕೆಲ ಕ್ಷಣದಲ್ಲಿ ಬಿಲ್ಲೆಯ ಹೊರಭಾಗ ಕರಗಿ, ಒಳಭಾಗ ಹಾಗೆಯೇ ಉಳಿಯುತ್ತದೆ. ಇದನ್ನು ನೋಡಿದ ಮಗು ಸಹಜವಾಗಿಯೇ ರೂಪಾಂತರ ಶಿಲೆ ಎಂದರೆ ಅರ್ಧ ಕರಗಿದ ಕಲ್ಲು ಎಂದು ಬರೆದುಕೊಳ್ಳುತ್ತದೆ, ಮತ್ತು ನಮ್ಮ ತರಗತಿಯ ಅನೇಕ ವಹಿಗಳಲ್ಲಿ ಇದೇ ವಾಕ್ಯ ಸಿಕ್ಕಿತು. ರೂಪಾಂತರ ನಡೆಯುವುದು ಕಲ್ಲು ಘನವಾಗಿರುವಾಗಲೇ. ಸುಮಾರು 200 ಡಿಗ್ರಿಯಿಂದ ಮೇಲಕ್ಕೆ, ಭೂಮಿಯ ಆಳದ ಒತ್ತಡದಲ್ಲಿ, ಕಲ್ಲು ಕರಗದೆಯೇ ಅದರೊಳಗಿನ ಖನಿಜಗಳು ಮರುಜೋಡಣೆಯಾಗುತ್ತವೆ, ಹೊಸ ಖನಿಜಗಳು ಬೆಳೆಯುತ್ತವೆ, ಚಪ್ಪಟೆಯಾದ ಹರಳುಗಳು ಒತ್ತಡಕ್ಕೆ ಅಡ್ಡಲಾಗಿ ಸಾಲುಗೂಡುತ್ತವೆ. ಗ್ರಾನೈಟಿನಂತಹ ಶಿಲೆ ನೀರಿನ ಅಂಶವಿದ್ದರೂ ಕರಗಲು ಸುಮಾರು 650 ಡಿಗ್ರಿ ಬೇಕು, ಲಾವಾರಸ ಆರಿ ಆದ ಕರಿಕಲ್ಲಾದ ಬಸಾಲ್ಟಿಗೆ ಸಾವಿರ ಡಿಗ್ರಿ ದಾಟಬೇಕು. ಕರಗಿತೆಂದರೆ ಅದು ಶಿಲಾಪಾಕ, ಅಲ್ಲಿಂದ ಮುಂದೆ ಹುಟ್ಟುವುದು ಅಗ್ನಿಶಿಲೆ. ಈ ಗೆರೆಯನ್ನು ಅಳಿಸಿಬಿಟ್ಟರೆ ಶಿಲಾಚಕ್ರದಲ್ಲಿ ಕಲಿಯಬೇಕಾದ ಅತಿ ಮುಖ್ಯವಾದ ವಿಷಯವೇ ಕಳೆದುಹೋಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಇದಕ್ಕೆ ನಾವು ಕಂಡುಕೊಂಡ ದಾರಿ ಎರಡು. ಬಿಸಿನೀರನ್ನು ಬಿಟ್ಟು, ಫಾಯಿಲಿನೊಳಗಿನ ಬಿಲ್ಲೆಯನ್ನು ಮಕ್ಕಳು ಎರಡೂ ಅಂಗೈಗಳ ನಡುವೆ ಹಿಡಿದು ಮೈಬಿಸಿಯಲ್ಲಿಯೇ ಮೆತ್ತಗಾಗಿಸಿ, ನಂತರ ಮಡಚಿ ಒತ್ತುವುದು ಮೊದಲನೆಯದು. ಪದರಗಳು ಬಾಗುತ್ತವೆ, ತೆಳುವಾಗುತ್ತವೆ, ಒಂದರೊಳಗೊಂದು ಸೇರಿಕೊಳ್ಳುತ್ತವೆ, ಆದರೆ ಎಲ್ಲಿಯೂ ಕರಗುವುದಿಲ್ಲ. ಹುಡುಗಿಯೊಬ್ಬಳು ಬಿಲ್ಲೆಯನ್ನು ಬಿಚ್ಚಿ ನೋಡಿ, “ಸರ್ರೀ, ಇದು ಕರಗಿಲ್ರೀ, ಬರೇ ಮೆತ್ತಗಾಗಿ ತಿರುವಿಕೊಂಡೈತ್ರಿ” ಎಂದಳು. ಪಾಠದ ಸಾರವೇ ಅವಳ ಆ ಒಂದು ಮಾತಿನಲ್ಲಿತ್ತು. ಎರಡನೆಯದು, ಜೇಡಿಮಣ್ಣಿನ ಉಂಡೆಯಲ್ಲಿ ಒಂದು ಹಿಡಿ ಅಕ್ಕಿಯನ್ನು ಅಡ್ಡಾದಿಡ್ಡಿಯಾಗಿ ಬೆರೆಸಿ, ಹಲಗೆಯಿಂದ ನಿಧಾನವಾಗಿ ಚಪ್ಪಟೆಯಾಗುವವರೆಗೆ ಒತ್ತಿ, ದಾರದಿಂದ ನಡುವೆ ಸೀಳುವುದು. ಸೀಳಿದ ಮುಖದಲ್ಲಿ ಅಕ್ಕಿಕಾಳುಗಳು ಬಹುತೇಕ ಒಂದೇ ದಿಕ್ಕಿಗೆ ಮಲಗಿರುತ್ತವೆ. ಜೇಡಿಶಿಲೆಯು ಸ್ಲೇಟ್ ಆದಾಗ ತೆಳುವಾದ ಹಾಳೆಗಳಾಗಿ ಸೀಳುವ ಗುಣ ಅದಕ್ಕೆ ಎಲ್ಲಿಂದ ಬರುತ್ತದೆ ಎನ್ನುವುದನ್ನು ಇದು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಆಂಧ್ರದ ಮಾರ್ಕಾಪುರದ ಕಲ್ಲಿನಿಂದ ಮಾಡಿದ ಹಳೆಯ ಪಾಟಿ ಇನ್ನೂ ಕೆಲವು ಮನೆಗಳ ಅಟ್ಟದಲ್ಲಿ ಇರುತ್ತದೆ, ಸಿಕ್ಕರೆ ತರಗತಿಗೆ ತನ್ನಿ. ಪೆಟ್ಟಿಗೆಯಲ್ಲಿರುವ ಹೆಬ್ಬೆರಳಿನಷ್ಟು ಸ್ಲೇಟಿನ ತುಂಡಿಗಿಂತ ಅದು ಎಷ್ಟೋ ಮೇಲು.

ಅಗ್ನಿಶಿಲೆಯ ಭಾಗದಲ್ಲಿ ಮೇಣಕ್ಕೆ ಇನ್ನೊಂದು ಮಿತಿ ಇದೆ. ಕರಗಿದ ಮೇಣವನ್ನು ತಣ್ಣೀರಿಗೆ ಇಳಿಸಿದರೂ, ಬಟ್ಟೆ ಸುತ್ತಿ ನಿಧಾನವಾಗಿ ಆರಿಸಿದರೂ, ಕಣ್ಣಿಗೆ ಕಾಣುವ ಹರಳುಗಳು ಮೂಡುವುದಿಲ್ಲ. ಆದರೆ ಗ್ರಾನೈಟ್ ಮತ್ತು ಬಸಾಲ್ಟ್ ನಡುವೆ ಮಗುವಿನ ಕಣ್ಣಿಗೆ ಮೊದಲು ಬೀಳುವ ವ್ಯತ್ಯಾಸವೇ ಹರಳಿನ ಗಾತ್ರ. ಕಿರಾಣಿ ಅಂಗಡಿಯ ಪಟಿಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಿಸಿನೀರಿನಲ್ಲಿ ಕರಗುವಷ್ಟು ಪಟಿಕ ಕರಗಿಸಿ, ಒಂದು ಲೋಟವನ್ನು ತಣ್ಣೀರಿನ ಪಾತ್ರೆಯಲ್ಲಿಟ್ಟು ಕೂಡಲೇ ಆರಿಸಿದರೆ ರವೆಯಂತಹ ಸಣ್ಣ ಹರಳುಗಳು ತಳಕ್ಕೆ ಬೀಳುತ್ತವೆ. ಇನ್ನೊಂದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಮರುದಿನದವರೆಗೆ ಅಲುಗಿಸದೆ ಇಟ್ಟರೆ ಉಗುರಿನಷ್ಟು ದೊಡ್ಡ, ಮೂಲೆಗಳಿರುವ ಹರಳುಗಳು ಸಿಗುತ್ತವೆ. ಇದು ದ್ರಾವಣದಿಂದ ಬೆಳೆದ ಹರಳೇ ಹೊರತು ಕರಗಿದ ಕಲ್ಲಿನಿಂದ ಹುಟ್ಟಿದ್ದಲ್ಲ ಎನ್ನುವುದನ್ನು ಮಕ್ಕಳಿಗೆ ಹೇಳಿಯೇ ಮುಂದುವರಿಯಬೇಕು, ಆದರೆ ಕಾಲಾವಕಾಶ ಸಿಕ್ಕಷ್ಟೂ ಹರಳು ದೊಡ್ಡದಾಗುತ್ತದೆ ಎಂಬ ನಿಯಮ ಎರಡಕ್ಕೂ ಅನ್ವಯಿಸುತ್ತದೆ. ಇದಾದ ಮೇಲೆ ಇಳಕಲ್ಲಿನ ಕೆಂಪು ಗ್ರಾನೈಟನ್ನೂ ವಿಜಯಪುರ ಕಡೆಯ ಕರಿಕಲ್ಲನ್ನೂ ಒಂದೊಂದು ಕೈಗೆ ಕೊಟ್ಟರೆ ಸಾಕು. ಗ್ರಾನೈಟಿನಲ್ಲಿ ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್, ಗಾಜಿನಂತೆ ಮಸುಕಾದ ಬೆಣಚು, ಹೊಳೆಯುವ ಕಪ್ಪು ಅಭ್ರಕ ಬೇರೆಬೇರೆಯಾಗಿ ಕಾಣುತ್ತವೆ. ಬಸಾಲ್ಟಿನಲ್ಲಿ ಮಸೂರ ಹಿಡಿದರೂ ಕಣಗಳನ್ನು ಬಿಡಿಸುವುದು ಕಷ್ಟ. ಮೊದಲನೆಯದು ನೆಲದಾಳದಲ್ಲಿ ಲಕ್ಷಾಂತರ ವರ್ಷ ಆರಿತು, ಎರಡನೆಯದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಹರಿದ ಲಾವಾರಸವಾಗಿ ಬಯಲಿನಲ್ಲಿ ಬೇಗ ಆರಿತು. 1656ರಲ್ಲಿ ಮುಗಿದ ಗೋಳಗುಮ್ಮಟದ ಗೋಡೆಗಳು ಆ ಲಾವಾ ಶಿಲೆಯವೇ ಎಂದು ಹೇಳಿದಾಗ, ಶಾಲಾ ಪ್ರವಾಸದಲ್ಲಿ ಅದನ್ನು ನೋಡಿ ಬಂದಿದ್ದ ಮಕ್ಕಳಿಗೆ ಕಟ್ಟಡವೇ ಬೇರೆಯಾಗಿ ಕಂಡಿರಬೇಕು. ಅದರ ಪ್ರತಿಧ್ವನಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಕಲ್ಲಿನ ಬಗ್ಗೆ ಯಾರೂ ಹೇಳಿರಲಿಲ್ಲ.

ದಾಳದ ಆಟಕ್ಕೆ ಬರುತ್ತೇನೆ. ಬೆಟ್ಟದ ಮೇಲ್ಮೈ, ಮಣ್ಣು, ನದಿ, ಕಡಲತಳ, ಭೂಮಿಯ ಆಳ, ಶಿಲಾಪಾಕ, ಜ್ವಾಲಾಮುಖಿ ಎಂಬ ಏಳು ನಿಲ್ದಾಣಗಳ ಫಲಕಗಳನ್ನು ಅಂಗಳದಲ್ಲಿ ದೂರದೂರ ಇಡಬೇಕು. ಪ್ರತಿ ಮಗುವೂ ಒಂದು ಕಲ್ಲು. ನಿಂತ ನಿಲ್ದಾಣದ ದಾಳವನ್ನು ಉರುಳಿಸಿದಾಗ ಮೇಲೆ ಬಂದ ಮುಖ ಮುಂದೆ ಎಲ್ಲಿಗೆ ಹೋಗಬೇಕು ಎನ್ನುವುದನ್ನು ಹೇಳುತ್ತದೆ, ಅಥವಾ ಇಲ್ಲಿಯೇ ಇರು ಎನ್ನುತ್ತದೆ. ಪ್ರತಿ ಸಲವೂ ಏನಾಯಿತೆಂದು ಮಗು ತನ್ನ ಚೀಟಿಯಲ್ಲಿ ಬರೆದುಕೊಳ್ಳುತ್ತದೆ: ಸವೆದೆ, ಹರಿದುಹೋದೆ, ಹೂತುಹೋದೆ, ಕರಗಿದೆ, ಚಿಮ್ಮಿದೆ.

ಇದರಲ್ಲಿರುವ ಜಾಣತನ ದಾಳಗಳ ಮುಖಗಳಲ್ಲಿದೆ. ನದಿಯ ದಾಳದಲ್ಲಿ ಹೆಚ್ಚಿನ ಮುಖಗಳು ಮುಂದಕ್ಕೆ ಕಳಿಸುತ್ತವೆ, ಏಕೆಂದರೆ ಹರಿಯುವ ನೀರಿನಲ್ಲಿ ಕಣ ಬಹಳ ಕಾಲ ನಿಲ್ಲುವುದಿಲ್ಲ. ಕಡಲತಳದ ಮತ್ತು ಶಿಲಾಪಾಕದ ದಾಳಗಳಲ್ಲಿ ಹೆಚ್ಚಿನ ಮುಖಗಳು ಅಲ್ಲಿಯೇ ಕೂಡಿಸುತ್ತವೆ. ಆದ್ದರಿಂದ ಕೆಲವರು ಓಡಾಡುತ್ತಲೇ ಇರುತ್ತಾರೆ, ಕೆಲವರು ನಿಂತಲ್ಲಿಯೇ ನಿಲ್ಲುತ್ತಾರೆ. ನಮ್ಮ ಹುಡುಗನೊಬ್ಬ ಉರುಳಿಸಿ ಉರುಳಿಸಿ ಬೇಸತ್ತು, “ನಂದು ಶಿಲಾಪಾಕದಾಗಿಂದ ಹೊರಗ ಬರವಲ್ದರಿ ಸರ್” ಎಂದು ಕೂಗಿದ. ನೆಲದಾಳದ ಶಿಲಾಪಾಕವೆಲ್ಲವೂ ಜ್ವಾಲಾಮುಖಿಯಾಗಿ ಸಿಡಿಯುವುದಿಲ್ಲ, ಬಹುಪಾಲು ಒಳಗೇ ಉಳಿದು ಆರುತ್ತದೆ ಎಂಬ ಮಾತನ್ನು ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ.

ಆಟ ಮುಗಿದ ಮೇಲೆ ಎಲ್ಲರ ಚೀಟಿಗಳನ್ನೂ ಗೋಡೆಗೆ ಅಂಟಿಸಿ ಓದುವುದು ಕಡ್ಡಾಯವಾಗಿ ಆಗಬೇಕು. ಕೈಪಿಡಿ ಇದನ್ನು ಐಚ್ಛಿಕ ಎನ್ನುತ್ತದೆ, ನಾನು ಒಪ್ಪುವುದಿಲ್ಲ. ಚೀಟಿಗಳನ್ನು ಸಾಲಾಗಿ ಓದಿದಾಗಲೇ ಹಲಗೆಯ ಮೇಲಿನ ವೃತ್ತ ಎಷ್ಟು ಅಪೂರ್ಣ ಎನ್ನುವುದು ಮಕ್ಕಳಿಗೆ ತಿಳಿಯುತ್ತದೆ. ಅಗ್ನಿ, ಕಣ, ರೂಪಾಂತರ ಎಂಬ ಕ್ರಮದಲ್ಲಿ ನೇರವಾಗಿ ಹೋದ ಕಲ್ಲು ವಿರಳ. ಒಬ್ಬಳ ಕಲ್ಲು ಮರಳಾಗಿ, ಮರಳುಶಿಲೆಯಾಗಿ, ಮೇಲೆದ್ದು, ಸವೆದು, ಮತ್ತೆ ಮರಳಾಗಿ, ಮತ್ತೆ ಮರಳುಶಿಲೆಯಾಯಿತು. ಆಳಕ್ಕೆ ಇಳಿಯಲೇ ಇಲ್ಲ. ಇನ್ನೊಬ್ಬನ ರೂಪಾಂತರ ಶಿಲೆ ಮತ್ತೊಮ್ಮೆ ರೂಪಾಂತರವಾಯಿತು. ಮೊದಲನೆಯ ಚೀಟಿಯ ಕಥೆ ನಮ್ಮ ಜಿಲ್ಲೆಯಲ್ಲಿಯೇ ಕಲ್ಲಿನಲ್ಲಿ ಬರೆದಿಟ್ಟಂತಿದೆ. ಬಾಗಲಕೋಟೆ, ಕಲಾದಗಿ, ಲೋಕಾಪುರ ಸುತ್ತಿನ ಹಳೆಯ ಕಣಶಿಲೆಗಳು ಮೊದಲು ಪದರಪದರವಾಗಿ ಕೂತು, ನಂತರ ಭೂಚಲನೆಯಿಂದ ಬಾಗಿ, ಮಡಚಿ, ಮೇಲೆದ್ದು, ಸವೆದವು. ಆ ಸವೆದ ಮೇಲ್ಮೈಯ ಮೇಲೆ ಬಾದಾಮಿ ಗುಂಪಿನ (ಭೂವಿಜ್ಞಾನಿಗಳು ಇಲ್ಲಿನ ಮೇಲಿನ ಶಿಲಾಪದರಗಳಿಗೆ ಕೊಟ್ಟ ಹೆಸರು) ಮರಳು ಬಹುತೇಕ ಮಟ್ಟಸವಾಗಿ ಕೂತು ಮತ್ತೆ ಕಲ್ಲಾಯಿತು. ಬಾದಾಮಿ ಗುಂಪಿನ ಕೆಳಪದರಗಳಲ್ಲಿ ಉರುಟಾದ ಬೆಣಚುಕಲ್ಲುಗಳು ಹುದುಗಿರುವ ಶಿಲೆ ಸಿಗುತ್ತದೆ. ಆ ಪ್ರತಿ ಬೆಣಚುಕಲ್ಲೂ ಅದಕ್ಕೂ ಹಿಂದಿನ ಯಾವುದೋ ಬಂಡೆಯಿಂದ ಒಡೆದು, ನೀರಿನಲ್ಲಿ ಉರುಳಿ ನುಣುಪಾಗಿ ಬಂದದ್ದು. ಬಾಗಿದ ಪದರಗಳ ಮೇಲೆ ಮಟ್ಟಸವಾದ ಪದರಗಳು ಕೂತ ಇಂತಹ ಸಂಧಿಯನ್ನೇ ಭೂವಿಜ್ಞಾನಿ ಜೇಮ್ಸ್ ಹಟನ್ 1788ರಲ್ಲಿ ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟಿನಲ್ಲಿ ಕಂಡು, ತಾನು 1785ರಲ್ಲಿ ಎಡಿನ್‌ಬರೋದ ರಾಯಲ್ ಸೊಸೈಟಿಯ ಮುಂದಿಟ್ಟಿದ್ದ, ಕಲ್ಲು ಸವೆದು ಮತ್ತೆ ಕಲ್ಲಾಗುವುದು ಅಪಾರ ಕಾಲದಿಂದ ನಡೆದಿದೆ ಎಂಬ ವಿಚಾರಕ್ಕೆ ಪುರಾವೆ ಸಿಕ್ಕಿತೆಂದು ತಿಳಿದ. ಕೈಪಿಡಿಯಲ್ಲಿ ಹಟನ್‌ನ ಚಿತ್ರವಿದೆ, ಸಿಕ್ಕರ್ ಪಾಯಿಂಟಿನ ಚಿತ್ರವೂ ಇದೆ. ಅದೇ ಬಗೆಯ ಸಾಕ್ಷಿ ಬಾಗಲಕೋಟೆ ಜಿಲ್ಲೆಯಲ್ಲಿದೆ ಎನ್ನುವುದನ್ನು ಶಿಕ್ಷಕರೇ ಸೇರಿಸಿಕೊಳ್ಳಬೇಕು.

ಆಟದಲ್ಲಿ ನಾವು ಒಂದು ನಿಲ್ದಾಣ ಹೆಚ್ಚಿಸಿಕೊಂಡೆವು: ಜಲಾಶಯ. ನದಿಯಿಂದ ನೇರವಾಗಿ ಕಡಲತಳ ಎನ್ನುವುದು ಕೃಷ್ಣೆಯ ಕೊಳ್ಳದ ಮಕ್ಕಳಿಗೆ ಅರ್ಧಸತ್ಯ. ಘಟಪ್ರಭೆ ಹೊತ್ತು ತರುವ ಹೂಳಿನಲ್ಲಿ ಎಷ್ಟೋ ಭಾಗ ಆಲಮಟ್ಟಿಯ ಹಿನ್ನೀರಿನಲ್ಲಿಯೇ ನಿಲ್ಲುತ್ತದೆ, ಬಂಗಾಳ ಕೊಲ್ಲಿಯವರೆಗೆ ಹೋಗುವುದಿಲ್ಲ. 2009 ಮತ್ತು 2019ರ ಪ್ರವಾಹಗಳಲ್ಲಿ ಮಲಪ್ರಭೆ ಹೊಲಗಳ ಮೇಲೆ ಬಿಟ್ಟುಹೋದ ರೇವೆಮಣ್ಣಿನ ಮಾತು ಮನೆಗಳಲ್ಲಿ ಇಂದಿಗೂ ಬರುತ್ತದೆ. ಕಣ ಸಾಗುವುದು, ಕೂರುವುದು ಎಂದರೆ ಏನೆಂದು ಈ ಮಕ್ಕಳಿಗೆ ವಿವರಿಸಬೇಕಾಗಿಲ್ಲ, ನೆನಪಿಸಿದರೆ ಸಾಕು.

ಆಟದ ಒಂದು ದೌರ್ಬಲ್ಯ ಕಾಲಮಾನ. ಪ್ರತಿ ಉರುಳಿಕೆಗೂ ಒಂದೇ ನಿಮಿಷ ಹಿಡಿಯುವುದರಿಂದ, ನದಿಯಲ್ಲಿ ಒಂದು ಕಣ ಸಾಗುವುದೂ ಬೆಟ್ಟವೊಂದು ಸವೆಯುವುದೂ ಸಮಾನ ಅವಧಿಯವು ಎಂಬ ಭಾವನೆ ಹುಟ್ಟುತ್ತದೆ. ನಾವು ಆಟದ ಮರುದಿನ ಅಂಗಳದಲ್ಲಿ ಹಗ್ಗ ಎಳೆದು ಒಂದು ಮೀಟರಿಗೆ ಹತ್ತು ಕೋಟಿ ವರ್ಷ ಎಂಬ ಲೆಕ್ಕದಲ್ಲಿ ಗುರುತು ಹಾಕಿದೆವು. ಭೂಮಿಯ ವಯಸ್ಸು 46 ಮೀಟರಾಗುತ್ತದೆ, ನಮ್ಮ ಅಂಗಳಕ್ಕೆ ಅದು ಹಿಡಿಸುತ್ತದೆ. ನಮ್ಮ ಭಾಗದ ಗ್ರಾನೈಟುಗಳಿಗೆ ಸುಮಾರು 250 ಕೋಟಿ ವರ್ಷ, ಅಂದರೆ 25 ಮೀಟರ್. ದಖ್ಖನಿನ ಲಾವಾ ಶಿಲೆಗೆ 66 ಸೆಂಟಿಮೀಟರ್. ಚಾಲುಕ್ಯ ದೊರೆ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಲೇಶ ಮಾಡಿಸಿದ, ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೇ ಗುಹೆಯನ್ನು ಗುರುತಿಸಲು ಹೋದಾಗ ಲೆಕ್ಕ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಹತ್ತಿರ ಬಂದಿತು, ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಆ ಗುರುತನ್ನು ಹಾಕಲು ಸಾಧ್ಯವಾಗದೆ ಸೀಮೆಸುಣ್ಣ ಹಿಡಿದ ಹುಡುಗಿ ಹಗ್ಗದ ತುದಿಯಲ್ಲಿಯೇ ನಿಂತುಬಿಟ್ಟಳು. ಇಂತಹದೊಂದು ಹಗ್ಗವನ್ನು ಪೆಟ್ಟಿಗೆಯಲ್ಲಿ ಇಡಲು ಹೆಚ್ಚಿನ ವೆಚ್ಚವೇನೂ ಆಗುವುದಿಲ್ಲ, ತಯಾರಕರು ಯೋಚಿಸಬೇಕು.

ಕಲ್ಲಿನ ಡಬ್ಬಿಯ ಬಗ್ಗೆ ಕಟುವಾಗಿಯೇ ಬರೆಯಬೇಕಾಗಿದೆ. ತುಂಡುಗಳು ತೀರಾ ಸಣ್ಣವು. ಎಂಟು ಮಕ್ಕಳ ಗುಂಪಿನಲ್ಲಿ ಕೈಯಿಂದ ಕೈಗೆ ಹೋಗುವಾಗ ಕಳೆದುಹೋಗುವಷ್ಟು ಸಣ್ಣವು. ಅಮೃತಶಿಲೆ ನೆಲಹಾಸಿನ ಚೂರಿನಂತೆ ಎರಡೂ ಬದಿ ನಯ ಮಾಡಿದ್ದು, ಒಡೆದ ಮುಖವೇ ಇಲ್ಲದ ಕಾರಣ ಸಕ್ಕರೆಹರಳಿನಂತಹ ಅದರ ಕಣರಚನೆ ಕಾಣುವುದಿಲ್ಲ. ಮರಳುಶಿಲೆಗೆ ಯಾವುದೋ ಮೆರುಗು ಬಳಿದಿದ್ದರಿಂದ ನೀರಿನ ಹನಿ ಅದರಲ್ಲಿ ಇಂಗಲಿಲ್ಲ. ಕಲ್ಲುಗಳಿಗೆ ಅಂಟಿಸಿದ ಸಂಖ್ಯೆಯ ಚೀಟಿಗಳು ಬೇಗ ಕಿತ್ತುಬಂದವು, ನಾವು ಬಿಳಿ ಬಣ್ಣದ ಚುಕ್ಕೆಯಿಟ್ಟು ಅದರ ಮೇಲೆ ಮಸಿಯಿಂದ ಬರೆದುಕೊಂಡೆವು.

ಆಮ್ಲ ಪರೀಕ್ಷೆಯ ಸೂಚನೆಯಲ್ಲಿ ಇನ್ನೂ ದೊಡ್ಡ ದೋಷವಿದೆ. ಸುಣ್ಣದಕಲ್ಲಿಗೆ ಪರ್ಯಾಯವಾಗಿ ತರಗತಿಯ ಸೀಮೆಸುಣ್ಣದ ಮೇಲೆ ಹನಿ ಹಾಕಿ, ಗುಳ್ಳೆ ಏಳುವುದನ್ನು ನೋಡಿ ಎಂದು ಕೈಪಿಡಿ ಹೇಳುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಚಾಕ್‌ಪೀಸ್ ಜಿಪ್ಸಮ್‌ನಿಂದ ಮಾಡಿದ್ದು, ಅದು ಕ್ಯಾಲ್ಸಿಯಂ ಸಲ್ಫೇಟ್; ಅದರಿಂದ ಗುಳ್ಳೆ ಏಳುವುದಿಲ್ಲ. ಗುಳ್ಳೆ ಬರಬೇಕಾದರೆ ಕ್ಯಾಲ್ಸಿಯಂ ಕಾರ್ಬನೇಟ್ ಇರಬೇಕು, ಏಕೆಂದರೆ ಹೊರಬರುವ ಅನಿಲ ಕಾರ್ಬನ್ ಡೈಆಕ್ಸೈಡ್. ಪ್ರಯೋಗ ಕೈಕೊಟ್ಟಾಗ ಮಗು ತನ್ನ ಕಣ್ಣನ್ನು ನಂಬುವುದನ್ನು ಬಿಟ್ಟು ಪುಸ್ತಕವನ್ನು ನಂಬಲು ಶುರುಮಾಡುತ್ತದೆ, ಅದು ನನಗೆ ಅತ್ಯಂತ ನೋವಿನ ವಿಷಯ. ಮೊಟ್ಟೆಯ ಓಡು ಬಳಸಿ, ಫಲಿತಾಂಶ ಖಚಿತ. ಅದಕ್ಕಿಂತ ಒಳ್ಳೆಯದು ಲೋಕಾಪುರ, ಮುಧೋಳ ಕಡೆಯ ಸುಣ್ಣದಕಲ್ಲು. ಅಲ್ಲಿನ ಸಿಮೆಂಟು ಕಾರ್ಖಾನೆಗಳಿಗೆ ಆಧಾರವೇ ಆ ಕಲ್ಲು. ಒಂದೆರಡು ಎಚ್ಚರಿಕೆ: ಅದೇ ಭಾಗದಲ್ಲಿ ಸುಣ್ಣದಕಲ್ಲನ್ನೇ ಹೋಲುವ ಡಾಲಮೈಟ್ ಕೂಡ ಇದೆ, ಅದು ತಣ್ಣನೆಯ ದುರ್ಬಲ ಆಮ್ಲಕ್ಕೆ ಬಹಳ ಮಂದವಾಗಿ ಸ್ಪಂದಿಸುತ್ತದೆ, ಪುಡಿ ಮಾಡಿ ಹನಿ ಹಾಕಿದರೆ ಗುಳ್ಳೆ ಕಾಣುತ್ತದೆ. ಬಾಟಲಿಯ ಆಮ್ಲ ಮುಗಿದ ಮೇಲೆ ನಿಂಬೆರಸ ಅಥವಾ ವಿನೆಗರ್ ಸಾಕಾಗುತ್ತದೆ, ಗುಳ್ಳೆ ಸ್ವಲ್ಪ ಕಡಿಮೆ, ಅಪಾಯವೂ ಕಡಿಮೆ.

ನಮ್ಮ ಮೂರು ಜಿಲ್ಲೆಗಳ ಶಾಲೆಗಳಿಗೆ ಹೊರಗಿನ ಕಲ್ಲು ಬೇಕಿಲ್ಲ ಎಂದು ಮೇಲೆ ಬರೆದಿದ್ದಕ್ಕೆ ಕಾರಣ ಹೇಳಬೇಕು. ಇಳಕಲ್ಲಿನಲ್ಲಿ ಗ್ರಾನೈಟ್ ಕೊಯ್ಯುವ ಘಟಕಗಳ ಹಿಂದೆ ಒಡೆದ ಚೂರುಗಳು ರಾಶಿ ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ. ವಿಜಯಪುರ ಜಿಲ್ಲೆಯ ಖಡಿ (ಜಲ್ಲಿ) ಮಷಿನ್ನುಗಳ ಹತ್ತಿರ ಬಸಾಲ್ಟ್ ಸಿಗುತ್ತದೆ. ಅದರಲ್ಲಿ ಅನಿಲದ ಗುಳ್ಳೆಗಳು ಬಿಟ್ಟುಹೋದ ತೂತುಗಳಿರುವ ತುಂಡು ಸಿಕ್ಕರೆ ಬಿಡಬೇಡಿ, ಕೆಲವು ತೂತುಗಳೊಳಗೆ ಬಿಳಿ ಖನಿಜ ತುಂಬಿಕೊಂಡಿರುತ್ತದೆ. ತಾಳಿಕೋಟೆ ಕಡೆಯ ಸುಣ್ಣದಕಲ್ಲಿನ ಪರಸಿ (ಹಾಸುಗಲ್ಲು) ಎಷ್ಟೋ ಮನೆಗಳ ನೆಲದಲ್ಲಿದೆ. ಬಾದಾಮಿ, ಗುಳೇದಗುಡ್ಡ ಭಾಗದ ಮರಳುಶಿಲೆಯಲ್ಲಿ ನೀರಿನ ಅಲೆ ಮೂಡಿಸಿದ ಗೆರೆಗಳಿರುವ ಹಾಸುಗಲ್ಲು ಸಿಗುತ್ತದೆ, ಹುನಗುಂದದ ಪೂರ್ವಕ್ಕೆ ಹೋದರೆ ಕಪ್ಪುಬಿಳುಪು ಪಟ್ಟೆಗಳ ನೈಸ್ (gneiss) ಎಂಬ ರೂಪಾಂತರ ಶಿಲೆ ಸಿಗುತ್ತದೆ. ಗೋಕಾಕದ ಮಕ್ಕಳಿಗಂತೂ ಘಟಪ್ರಭೆ ಸುಮಾರು 52 ಮೀಟರ್ ಧುಮುಕುವ ಗಟ್ಟಿ ಮರಳುಶಿಲೆಯ ಅಂಚೇ ಒಂದು ಪಾಠ. ಕಲ್ಲು ಮಾತ್ರವಲ್ಲ, ಅದು ಸವೆದಾಗ ಏನಾಗುತ್ತದೆ ಎನ್ನುವುದೂ ಮಕ್ಕಳಿಗೆ ಹೊಲದಲ್ಲಿ ಪರಿಚಿತ: ಕರಿಕಲ್ಲು ಸವೆದು ಎರಿ (ಕಪ್ಪುಮಣ್ಣು), ಗ್ರಾನೈಟ್ ಮತ್ತು ಮರಳುಶಿಲೆ ಸವೆದು ಮಸಾರಿ (ಕೆಂಪುಮಣ್ಣು). ಪೆಟ್ಟಿಗೆಯ ಮಣ್ಣು ಎಂಬ ನಿಲ್ದಾಣದ ಫಲಕದ ಪಕ್ಕದಲ್ಲಿ ನಾವು ಈ ಎರಡೂ ಮಣ್ಣುಗಳನ್ನು ಬಟ್ಟಲುಗಳಲ್ಲಿ ಇಡುತ್ತೇವೆ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಸಂರಕ್ಷಿತ ಆವರಣಗಳಿಂದ ಮಾತ್ರ ಒಂದು ಚೂರನ್ನೂ ತೆಗೆಯಬಾರದು, ಮುಟ್ಟಿ ನೋಡುವುದಕ್ಕೂ ಶಿಲ್ಪವಿಲ್ಲದ ಬಂಡೆಯನ್ನೇ ಆರಿಸಬೇಕು. ಗುಹೆಗಳಿಗೆ ಹೋದಾಗ ಶಿಲ್ಪದ ಜೊತೆಗೆ ಗೋಡೆಯ ಪದರಗಳೊಳಗಿನ ಓರೆಗೆರೆಗಳನ್ನು ತೋರಿಸಿ. ಮರಳು ಹರಿಯುವ ನೀರಿನಲ್ಲಿ ದಿಬ್ಬದಿಬ್ಬವಾಗಿ ಮುಂದೆ ಸಾಗಿದಾಗ ಮೂಡಿದ ಗೆರೆಗಳವು, ಹರಿವು ಯಾವ ಕಡೆಗಿತ್ತು ಎನ್ನುವುದನ್ನೂ ಅವು ಹೇಳುತ್ತವೆ.

ಕೈಪಿಡಿ ಇಂಗ್ಲಿಷಿನಲ್ಲಿದೆ, ಜೊತೆಗೆ ಕನ್ನಡದ ನಾಲ್ಕು ಪುಟದ ಕರಪತ್ರವಿದೆ. ಬಿಸಿ ಮೇಣ ಮತ್ತು ಆಮ್ಲದ ಎಚ್ಚರಿಕೆಗಳು ಇಂಗ್ಲಿಷ್ ಪುಟಗಳಲ್ಲಿ ಮಾತ್ರ ಇವೆ. ಇದು ಸಣ್ಣ ಲೋಪವಲ್ಲ. ಮೇಣವನ್ನು ಮೇಣದಬತ್ತಿಯ ಜ್ವಾಲೆಯ ಮೇಲೆ ಕರಗಿಸಿ ಎಂಬ ಸೂಚನೆ ಕನ್ನಡದಲ್ಲಿದೆ, ಹಾಗೆ ಮಾಡುವಾಗ ವಹಿಸಬೇಕಾದ ಜಾಗ್ರತೆ ಇಲ್ಲ. ಜ್ವಾಲೆಯನ್ನು ಬಳಸಲೇಬೇಡಿ, ಫಾಯಿಲ್ ದೋಣಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ತೇಲಿಬಿಟ್ಟರೆ ಮೇಣ ತಾನಾಗಿ ಕರಗುತ್ತದೆ, ಪಾತ್ರೆಯನ್ನು ಶಿಕ್ಷಕರೇ ಹಿಡಿಯಲಿ.

ಉಳಿದ ವಿಷಯಗಳು ಚಿಕ್ಕವು. ಆಮ್ಲದ ಬಾಟಲಿ ಸೋರಿದ ಸ್ಥಿತಿಯಲ್ಲಿ ಬಂದಿತ್ತು, ಫೋಟೋ ಕಳಿಸಿದ ವಾರದೊಳಗೆ ಮಾರಾಟಗಾರರು ಬೇರೆ ಬಾಟಲಿ ಕಳಿಸಿದರು, ತಕರಾರು ಮಾಡಲಿಲ್ಲ. ಮಸೂರಗಳು ಪ್ಲಾಸ್ಟಿಕ್ಕಿನವು, ಬೇಗ ಗೀರು ಬೀಳುತ್ತವೆ. ನಿಲ್ದಾಣದ ಫಲಕಗಳನ್ನು ಬಂದ ದಿನವೇ ಲ್ಯಾಮಿನೇಷನ್ ಮಾಡಿಸಿ. ಬಳಪಗಳು ಮುಗಿದ ಮೇಲೆ ಯಾವುದೇ ಅಂಗಡಿಯ ಬಳಪ ಆಗುತ್ತದೆ, ಕಂಪನಿಯ ಮರುಪೂರಣದ ಕಟ್ಟಿಗೆ ಹಣ ಕೊಡಬೇಕಿಲ್ಲ.

ಒಂದು ಶಾಲೆಗೆ ಒಂದೇ ಪೆಟ್ಟಿಗೆ ಸಾಕು, ಕ್ಲಸ್ಟರಿನ ಎರಡು ಮೂರು ಶಾಲೆಗಳು ಸೇರಿ ಕೊಂಡರೂ ನಡೆಯುತ್ತದೆ, ಏಕೆಂದರೆ ಆಟಕ್ಕೂ ಮೇಣದ ಚಟುವಟಿಕೆಗೂ ಬೇಕಾಗುವುದು ನಾಲ್ಕೈದು ಅವಧಿ ಮಾತ್ರ. ಕೆಲವು ಮಾರಾಟಗಾರರು ಕಲ್ಲಿನ ಡಬ್ಬಿ ಇಲ್ಲದೆ ದಾಳ ಮತ್ತು ಫಲಕಗಳನ್ನಷ್ಟೇ ಪ್ರತ್ಯೇಕವಾಗಿ ಕಡಿಮೆ ಬೆಲೆಗೆ ಕೊಡುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಶಾಲೆಗಳು ಅದನ್ನೇ ಕೇಳಿ ತರಿಸಿಕೊಳ್ಳುವುದು ಒಳ್ಳೆಯದು. ಉಳಿದ ಹಣದಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಗಾಜಿನ ಮಸೂರಗಳನ್ನು ಕೊಳ್ಳಿ, ಕಲ್ಲುಗಳನ್ನು ಮಕ್ಕಳೇ ತರಲಿ.